ಹನಿ ಲೆಕ್ಕದ ರಸಾಯನ ಕಿಟ್: ಬಿ.ಎಡ್. ತರಗತಿಗೆ ಎಷ್ಟು ಒದಗುತ್ತದೆ?

ಪ್ರೌಢಶಾಲೆಯ ರಸಾಯನ ಪ್ರಯೋಗಗಳನ್ನು ಹನಿಗಳ ಲೆಕ್ಕದಲ್ಲಿ ಮಾಡುವುದಕ್ಕೆಂದು ‘ಮೈಕ್ರೋಸ್ಕೇಲ್ ಕಿಟ್’ ಎಂಬ ಹೆಸರಿನ ಪ್ಲಾಸ್ಟಿಕ್ ಪೆಟ್ಟಿಗೆಗಳು ಕೆಲವು ವರ್ಷಗಳಿಂದ ಮಾರುಕಟ್ಟೆಯಲ್ಲಿವೆ. ಎನ್‌ಸಿಇಆರ್‌ಟಿ ಇಂಥದೊಂದು ಕಿಟ್ಟನ್ನು ರೂಪಿಸಿದೆ. ಖಾಸಗಿ ತಯಾರಕರ ಕಿಟ್ಟುಗಳನ್ನು ಬೆಳಗಾವಿ, ಹುಬ್ಬಳ್ಳಿಯ ಪ್ರಯೋಗಾಲಯ ಸಾಮಗ್ರಿಯ ವ್ಯಾಪಾರಿಗಳು ತರಿಸಿಕೊಡುತ್ತಾರೆ. ವಿಜಯಪುರದಲ್ಲಿ ಬಿ.ಎಡ್. ಪ್ರಶಿಕ್ಷಣಾರ್ಥಿಗಳಿಗೆ ಭೌತವಿಜ್ಞಾನದ ಬೋಧನಾ ವಿಧಾನವನ್ನು ಕಲಿಸುವ ನಾನು ಖಾಸಗಿ ತಯಾರಕರೊಬ್ಬರ ಕಿಟ್ಟನ್ನು ನಮ್ಮ ತರಗತಿಯಲ್ಲಿಯೂ ಇಂಟರ್ನ್‌ಶಿಪ್ ನಡೆಯುವ ಶಾಲೆಗಳಲ್ಲಿಯೂ ಬಳಸುತ್ತ ಬಂದಿದ್ದೇನೆ. ತಯಾರಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ, ಏಕೆಂದರೆ ಈ ಬಗೆಯ ಹಲವು ಪೆಟ್ಟಿಗೆಗಳ ಒಳಗಿನ ಸಾಮಾನು ಬಹುಮಟ್ಟಿಗೆ ಒಂದೇ ತೆರನಾಗಿರುತ್ತದೆ, ಮತ್ತು ನನ್ನ ಮಾತು ಈ ಬಗೆಯ ಕಿಟ್ಟು ಶಿಕ್ಷಕರನ್ನು ತಯಾರು ಮಾಡುವ ಕೆಲಸಕ್ಕೆ ಎಷ್ಟರಮಟ್ಟಿಗೆ ಬರುತ್ತದೆ ಎಂಬುದರ ಕುರಿತಾಗಿದೆ.

ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕು ಗುಳಿಗಳಿರುವ ಪಾರದರ್ಶಕ ತಟ್ಟೆಗಳು, ತೆಳು ಪ್ಲಾಸ್ಟಿಕ್ಕಿನ ಡ್ರಾಪರುಗಳು, ಎರಡು ಸಿರಿಂಜು, ಗುಳಿಯ ಬಾಯಿಗೆ ಕೂರುವ ರಂಧ್ರದ ಮುಚ್ಚಳಗಳು, ಅನಿಲ ಹಾಯಿಸುವ ಸಿಲಿಕೋನ್ ನಳಿಕೆ, ದ್ರಾವಣ ತುಂಬಿಡಲು ಪುಟ್ಟ ಬಾಟಲಿಗಳು, ಕಾರ್ಬನ್ ಕಡ್ಡಿಗಳು ಮತ್ತು ಒಂದು ಕೈಪಿಡಿ ಇವೆ. ಒಂದೊಂದು ಗುಳಿಯೂ ಸುಮಾರು ಮೂರು ಮಿಲಿಲೀಟರ್ ಹಿಡಿಯುತ್ತದೆ. ಡ್ರಾಪರಿನ ಒಂದು ಹನಿ ಹೆಚ್ಚುಕಡಿಮೆ 0.05 ಮಿಲಿಲೀಟರ್ ಇರುವುದರಿಂದ ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಲೆಕ್ಕ ಹಿಡಿಯಬಹುದು. ಪ್ರನಾಳದಲ್ಲಿ ಐದು ಮಿಲಿಲೀಟರ್ ಬಳಸಿ ಮಾಡುತ್ತಿದ್ದ ಕ್ರಿಯೆಯನ್ನು ಇಲ್ಲಿ ನಾಲ್ಕಾರು ಹನಿಗಳಲ್ಲಿ ಮುಗಿಸಬಹುದು.

ಇಷ್ಟು ಕಡಿಮೆ ಪ್ರಮಾಣದಲ್ಲಿ ರಸಾಯನಶಾಸ್ತ್ರ ಮಾಡುವುದು ಹೊಸ ವಿಚಾರವೇನಲ್ಲ. ಸಾವಯವ ವಸ್ತುಗಳ ಸೂಕ್ಷ್ಮ ವಿಶ್ಲೇಷಣೆಗಾಗಿ ಆಸ್ಟ್ರಿಯದ ರಸಾಯನಶಾಸ್ತ್ರಜ್ಞ ಫ್ರಿಟ್ಜ್ ಪ್ರೆಗ್ಲ್ ಅವರಿಗೆ 1923ರಲ್ಲಿಯೇ ನೊಬೆಲ್ ಬಂದಿತ್ತು. ಅಮೆರಿಕದ ಕಾಲೇಜುಗಳು 1980ರ ದಶಕದಲ್ಲಿ ಪ್ರಯೋಗಾಲಯದ ವಿಷಗಾಳಿ ಮತ್ತು ತ್ಯಾಜ್ಯವನ್ನು ಕಡಿಮೆ ಮಾಡುವುದಕ್ಕಾಗಿ ಈ ದಾರಿ ಹಿಡಿದವು. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರಾಂಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರ್ಯಾಡ್ಲಿ ಮತ್ತು ಸಂಗಡಿಗರು ಪ್ರಯೋಗಾಲಯವೇ ಇಲ್ಲದ ಶಾಲೆಗಳನ್ನು ಗಮನದಲ್ಲಿಟ್ಟು ಕಿಟ್ ರೂಪಿಸಿದರು, ಯುನೆಸ್ಕೊ ಅದನ್ನು ಹಲವು ದೇಶಗಳಿಗೆ ಮುಟ್ಟಿಸಿತು. ನಮ್ಮ ಜಿಲ್ಲೆಯ ಶಾಲೆಗಳಿಗೆ ಹೊಂದುವುದು ಈ ಆಫ್ರಿಕದ ಕಾರಣವೇ.

ನಮ್ಮಲ್ಲಿಗೆ ಬರುವ ಪ್ರಶಿಕ್ಷಣಾರ್ಥಿಗಳು ಬಿ.ಎಸ್ಸಿ.ಯಲ್ಲಿ ಲವಣ ವಿಶ್ಲೇಷಣೆ, ಅನುಮಾಪನ (ಟೈಟ್ರೇಶನ್, ಅಂದರೆ ಒಂದು ದ್ರಾವಣ ಎಷ್ಟು ಬೇಕಾಯಿತೆಂದು ಅಳೆದು ಇನ್ನೊಂದರ ಸಾಂದ್ರತೆ ತಿಳಿಯುವುದು) ಎಲ್ಲವನ್ನೂ ಮಾಡಿಯೇ ಬಂದಿರುತ್ತಾರೆ. ಆದರೆ ಅವರಲ್ಲಿ ಹೆಚ್ಚಿನವರು ಮಾಡಿರುವುದು ರೆಕಾರ್ಡ್ ಪುಸ್ತಕದಲ್ಲಿ ಮೊದಲೇ ಇದ್ದ ಉತ್ತರವನ್ನು ತಲುಪುವ ಕೆಲಸ. ಉತ್ತರ ಗೊತ್ತಿಲ್ಲದ ಒಂದು ವಸ್ತುವನ್ನು ಕೈಗೆತ್ತಿಕೊಂಡು, ಅದಕ್ಕೆ ತಾವೇ ಪ್ರಶ್ನೆ ಹಾಕಿ, ಯಾವ ಪರೀಕ್ಷೆ ಮೊದಲು ಯಾವುದು ಆಮೇಲೆ ಎಂದು ತಾವೇ ತೀರ್ಮಾನಿಸಿದ ಅನುಭವ ಇಲ್ಲದವರು ನಾಳೆ ಎಂಟನೆಯ, ಹತ್ತನೆಯ ತರಗತಿಯ ಮಕ್ಕಳಿಗೆ ಪ್ರಯೋಗ ಮಾಡಿಸುವಾಗಲೂ ಫಲಿತಾಂಶವನ್ನು ಮೊದಲು ಹೇಳಿ ಆಮೇಲೆ ತೋರಿಸುತ್ತಾರೆ. ಈ ಕಿಟ್ಟಿನ ನಿಜವಾದ ಬೆಲೆಯನ್ನು ನಾನು ಅಳೆಯುವುದು ಇಲ್ಲಿಯೇ. ತಪ್ಪಿದರೆ ನಷ್ಟವಾಗುವುದು ಆರು ಹನಿ ದ್ರಾವಣ, ಮತ್ತೆ ಮಾಡಲು ಬೇಕಾಗುವುದು ಒಂದು ನಿಮಿಷ. ಆದ್ದರಿಂದ ಪ್ರಶಿಕ್ಷಣಾರ್ಥಿ ಧೈರ್ಯವಾಗಿ ತನ್ನ ಊಹೆಯನ್ನು ಪರೀಕ್ಷಿಸಿ ನೋಡುತ್ತಾನೆ.

ಇದಕ್ಕೊಂದು ಉದಾಹರಣೆ ಕೊಡಬೇಕು. ತಿಕೋಟಾ ಕಡೆಯ ಒಬ್ಬ ವಿದ್ಯಾರ್ಥಿನಿ ಮನೆಯಿಂದ ಒಂದು ಪೊಟ್ಟಣ ಬಿಳಿ ಪುಡಿ ತಂದು, “ಸರ್, ಇದು ನಾವು ದ್ರಾಕ್ಷಿ ಅದ್ದಾಕ ಬಳಸೂ ಪುಡಿರಿ, ಇದರಾಗ ಏನೈತಿ ನೋಡೂಣ್ರಿ?” ಎಂದು ಕೇಳಿದಳು. ಮಣೂಕ (ಒಣದ್ರಾಕ್ಷಿ) ಮಾಡುವ ರೈತರು ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು 15 ಮಿಲಿಲೀಟರ್ ಡಿಪ್ಪಿಂಗ್ ಆಯಿಲ್ ಕಲಸಿ ಗೊನೆಗಳನ್ನು ಅದರಲ್ಲಿ ಅದ್ದುತ್ತಾರೆ. ಹಣ್ಣಿನ ಮೇಲಿನ ಮೇಣದ ಪದರ ನೀರನ್ನು ಹೊರಗೆ ಬಿಡುವಂತಾಗಿ ಶೆಡ್ಡಿನಲ್ಲಿ ದ್ರಾಕ್ಷಿ ಬೇಗ ಒಣಗುತ್ತದೆ. ಚೀಲದ ಮೇಲಿನ ಹೆಸರನ್ನು ಅವಳು ಓದಿದ್ದಳು, ಆದರೆ ಹೆಸರು ಓದುವುದಕ್ಕೂ ಅದು ನಿಜವೋ ಎಂದು ಸ್ವತಃ ನೋಡುವುದಕ್ಕೂ ವ್ಯತ್ಯಾಸವಿದೆ. ಪುಡಿ ಗಾಳಿಯ ತೇವವನ್ನು ಹೀರಿ ಪೊಟ್ಟಣದಲ್ಲಿಯೇ ಗಂಟುಗಟ್ಟಿತ್ತು; ಅದನ್ನು ಗಮನಿಸಿ ಬರೆದುಕೊಂಡದ್ದು ಅವಳ ಮೊದಲ ವೀಕ್ಷಣೆ. ಒಂದು ಗುಳಿಯಲ್ಲಿ ಅದರ ದ್ರಾವಣಕ್ಕೆ ಅರಿಸಿನದ ಸಾರ ಬಿಟ್ಟಾಗ ಹಳದಿ ಹೋಗಿ ಇಟ್ಟಂಗಿಯ ಕೆಂಪು ಬಂತು. ಇನ್ನೊಂದು ಗುಳಿಗೆ ಚಿಟಿಕೆ ಪುಡಿ ಹಾಕಿ, ಮುಚ್ಚಳ ಕೂರಿಸಿ, ಸಿರಿಂಜಿನಿಂದ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಒತ್ತಿ, ಹೊರಬಂದ ಅನಿಲವನ್ನು ನಳಿಕೆಯ ಮೂಲಕ ಪಕ್ಕದ ಗುಳಿಯ ಸುಣ್ಣದ ತಿಳಿನೀರಿಗೆ ಹಾಯಿಸಿದಾಗ ನೀರು ಹಾಲಿನಂತಾಯಿತು, ಸ್ವಲ್ಪ ಹೊತ್ತಿಗೆ ಮತ್ತೆ ತಿಳಿಯಾಯಿತು. ಗುಳಿಯಲ್ಲಿ ಸುಣ್ಣದ ನೀರು ಕೆಲವೇ ಹನಿ ಇರುವುದರಿಂದ ಈ ಎರಡನೆಯ ಬದಲಾವಣೆ ಬಹಳ ಬೇಗ ಆಗಿಬಿಡುತ್ತದೆ. ಪ್ರನಾಳದ ಪ್ರಯೋಗದಲ್ಲಿ ಅಷ್ಟು ಹೊತ್ತು ಕಾಯುವ ತಾಳ್ಮೆ ಇಲ್ಲದೆ ಎಷ್ಟೋ ತರಗತಿಗಳು ‘ಹಾಲಿನಂತಾಯಿತು’ ಎಂಬಲ್ಲಿಗೆ ನಿಲ್ಲಿಸುತ್ತವೆ. ಇಲ್ಲಿ ಆ ಬಿಳುಪು ಕರಗಿ ಆಗುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ತಾನಾಗಿಯೇ ಚರ್ಚೆಗೆ ಬಂತು, ಅದರ ಬೆನ್ನಿಗೆ ನಮ್ಮೂರಿನ ಗಡಸು ನೀರೂ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆಯೂ ಬಂದವು.

ಕಾರ್ಬೊನೇಟ್ ಎಂಬುದು ಖಚಿತವಾದ ಮೇಲೆ ಅವಳ ಮುಂದಿನ ಪ್ರಶ್ನೆ, ಪೊಟ್ಯಾಸಿಯಮ್ಮೇ ಎಂದು ಹೇಗೆ ಹೇಳುವುದು ಎಂಬುದಾಗಿತ್ತು. ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್ ಕೂಡ ಅರಿಸಿನಕ್ಕೆ, ಆಮ್ಲಕ್ಕೆ, ಸುಣ್ಣದ ನೀರಿಗೆ ಇದೇ ಉತ್ತರ ಕೊಡುತ್ತದೆ. ಇದಕ್ಕೆ ಸಾಮಾನ್ಯವಾಗಿ ಮಾಡುವುದು ಜ್ವಾಲಾ ಪರೀಕ್ಷೆ, ಅದಕ್ಕೆ ಬರ್ನರ್ ಬೇಕು, ಪುಡಿಯಲ್ಲಿ ಎಳ್ಳಷ್ಟು ಸೋಡಿಯಂ ಇದ್ದರೂ ಅದರ ಹಳದಿ ಬಣ್ಣ ಪೊಟ್ಯಾಸಿಯಮ್ಮಿನ ತಿಳಿನೇರಳೆಯನ್ನು ಮುಚ್ಚಿಬಿಡುವುದರಿಂದ ಕೋಬಾಲ್ಟಿನ ನೀಲಿ ಗಾಜೂ ಬೇಕು. ಕಿಟ್ಟಿನಲ್ಲಿ ಇವೆರಡೂ ಇಲ್ಲ. ಇದು ಈ ಪೆಟ್ಟಿಗೆಯ ದೊಡ್ಡ ಮಿತಿ: ಕಾಯಿಸಬೇಕಾದ ಯಾವ ಪ್ರಯೋಗಕ್ಕೂ ಇದು ಒದಗುವುದಿಲ್ಲ. ಫೆರಸ್ ಸಲ್ಫೇಟನ್ನು ಕಾಯಿಸಿದಾಗ ಹಸಿರು ಹೋಗಿ ಕಂದು ಬರುವುದನ್ನು, ಮೆಗ್ನೀಸಿಯಂ ಪಟ್ಟಿ ಉರಿಯುವುದನ್ನು ಹಳೆಯ ರೀತಿಯಲ್ಲಿಯೇ ತೋರಿಸಬೇಕು. ಕಿಟ್ ಬಂತೆಂದು ಬರ್ನರನ್ನು ಕಪಾಟಿಗೆ ಸೇರಿಸುವ ಸಂಸ್ಥೆಗಳು ಮಕ್ಕಳಿಗೆ ಅರ್ಧ ರಸಾಯನಶಾಸ್ತ್ರವನ್ನಷ್ಟೇ ಕಲಿಸುತ್ತವೆ.

ನೀರಿನ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಕೈಪಿಡಿ ಹಲವೆಡೆ ಬರೀ ‘ನೀರು’ ಎಂದು ಬರೆಯುತ್ತದೆ. ವಿಜಯಪುರದ ಕೊಳವೆಬಾವಿಯ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರೆ, ಬೇರೆ ಏನನ್ನೂ ಸೇರಿಸದೆಯೇ ಬಿಳಿ ಪ್ರಕ್ಷೇಪ (ದ್ರಾವಣದಲ್ಲಿ ಕರಗದೆ ಉಳಿಯುವ ಗಸಿ) ಕಾಣಿಸುತ್ತದೆ, ಏಕೆಂದರೆ ನೀರಿನಲ್ಲಿಯೇ ಕ್ಲೋರೈಡ್ ಇದೆ. ಆ ನೀರಿನಲ್ಲಿ ಮಾಡಿದ ದ್ರಾವಣಗಳೆಲ್ಲ ಕ್ಲೋರೈಡ್ ಇದೆ ಎಂದೇ ಹೇಳುತ್ತವೆ. ಆದ್ದರಿಂದ ಭಟ್ಟಿ ಇಳಿಸಿದ ನೀರಿನ ಡಬ್ಬಿಯನ್ನು ಕಿಟ್ಟಿನ ಭಾಗವೆಂದೇ ಎಣಿಸಿ ಖರೀದಿಸಬೇಕು. ಆದರೂ ಒಂದು ಸಲ ಬೇಕೆಂದೇ ಕೊಳವೆಬಾವಿಯ ನೀರಿನಲ್ಲಿ ಮಾಡಿಸಿ, ಪಕ್ಕದ ಗುಳಿಯಲ್ಲಿ ಬರೀ ನೀರನ್ನು ಇಟ್ಟು ಹೋಲಿಸಲು ಹೇಳುವುದು ಒಳ್ಳೆಯದು. ವಸ್ತುವನ್ನು ಹಾಕದೆ ಮಾಡುವ ಖಾಲಿ ಪರೀಕ್ಷೆ ಏಕೆ ಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ನನಗೆ ಸಿಕ್ಕಿಲ್ಲ. ಅದೇ ತಟ್ಟೆಯನ್ನು ಕಿಟಕಿಯ ಬಿಸಿಲಿಗೆ ಇಟ್ಟರೆ ಸಿಲ್ವರ್ ಕ್ಲೋರೈಡ್ ಬೂದು ಬಣ್ಣಕ್ಕೆ ತಿರುಗುತ್ತದೆ, ಹತ್ತನೆಯ ತರಗತಿಯ ಪಠ್ಯದಲ್ಲಿರುವ, ಬೆಳಕಿನಿಂದಾಗುವ ರಾಸಾಯನಿಕ ವಿಭಜನೆಯ ಪಾಠವೂ ಅಲ್ಲಿಯೇ ಮುಗಿಯುತ್ತದೆ. ಸಿಲ್ವರ್ ನೈಟ್ರೇಟ್ ದುಬಾರಿಯಾದ್ದರಿಂದ ಅನೇಕ ಶಾಲೆಗಳು ಈ ಚಟುವಟಿಕೆಯನ್ನು ಬಾಯಲ್ಲಿಯೇ ಹೇಳಿ ಮುಗಿಸುತ್ತವೆ; ಹನಿಯ ಲೆಕ್ಕದಲ್ಲಿ ಒಂದು ಸಣ್ಣ ಬಾಟಲಿ ಬಹಳ ಕಾಲ ಬಾಳುತ್ತದೆ.

ಕಿಟ್ಟಿನಲ್ಲಿ ನನಗೆ ಅತ್ಯಂತ ಅಸಮಾಧಾನ ತಂದದ್ದು ಕೈಪಿಡಿ. ಅದು ಇಂಗ್ಲಿಷಿನಲ್ಲಿ ಮಾತ್ರ ಇದೆ ಎಂಬುದು ಒಂದು ದೂರು. ಅದಕ್ಕಿಂತ ದೊಡ್ಡ ದೂರೆಂದರೆ ಪ್ರತಿ ಪುಟದಲ್ಲಿಯೂ ಕ್ರಮದ ಕೆಳಗೇ ಫಲಿತಾಂಶವನ್ನು ಅಚ್ಚು ಮಾಡಿದ್ದಾರೆ. ಸೀಸದ ನೈಟ್ರೇಟಿಗೆ ಪೊಟ್ಯಾಸಿಯಂ ಅಯೋಡೈಡ್ ಸೇರಿಸಿದರೆ ಹಳದಿ ಪ್ರಕ್ಷೇಪ ಬರುತ್ತದೆ ಎಂದು ಮೊದಲೇ ಓದಿದ ಪ್ರಶಿಕ್ಷಣಾರ್ಥಿ ತಟ್ಟೆಯ ಕಡೆ ನೋಡುವ ಮೊದಲೇ ರೆಕಾರ್ಡಿನಲ್ಲಿ ‘ಹಳದಿ’ ಎಂದು ಬರೆಯುತ್ತಾನೆ. ನಾವು ಕೈಪಿಡಿಯನ್ನು ಬದಿಗಿಟ್ಟು, ಒಂದೊಂದು ಪ್ರಯೋಗಕ್ಕೂ ಕನ್ನಡದಲ್ಲಿ ಒಂದೊಂದು ಕಾರ್ಡ್ ಬರೆಸಿದೆವು. ಅದರಲ್ಲಿ ಮಾಡಬೇಕಾದ ಕೆಲಸ ಮತ್ತು ಒಂದು ಪ್ರಶ್ನೆ ಮಾತ್ರ ಇರುತ್ತದೆ. ಆ ಪ್ರಶ್ನೆಯನ್ನು ಬರೆಯುವ ಹೊಣೆ ಪ್ರಶಿಕ್ಷಣಾರ್ಥಿಗಳದೇ. ಗ್ಲಾಸ್ಗೊ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟನ್ ಅವರು 1991ರಲ್ಲಿ, ರಸಾಯನಶಾಸ್ತ್ರ ಕಲಿಯುವವನು ಕಣ್ಣಿಗೆ ಕಾಣುವುದು, ಕಣ್ಣಿಗೆ ಕಾಣದ ಕಣಗಳು ಮತ್ತು ಚಿಹ್ನೆ ಸಮೀಕರಣಗಳು ಎಂಬ ಮೂರು ನೆಲೆಗಳಲ್ಲಿ ಒಟ್ಟಿಗೆ ಯೋಚಿಸಬೇಕಾಗಿ ಬರುವುದೇ ವಿಷಯ ಕಠಿಣವಾಗಲು ಕಾರಣ ಎಂದು ತೋರಿಸಿಕೊಟ್ಟರು. ಕಾರ್ಡಿನ ಪ್ರಶ್ನೆ ಮೊದಲ ನೆಲೆಯಲ್ಲಿ ಸಾಕಷ್ಟು ಹೊತ್ತು ನಿಂತು ಆಮೇಲೆ ಉಳಿದೆರಡಕ್ಕೆ ಹೋಗುವಂತಿದೆಯೇ ಎಂಬುದನ್ನು ನಾನು ಈಗ ಪಾಠ ಯೋಜನೆಯನ್ನು ತಿದ್ದುವಾಗ ಮೊದಲು ನೋಡುತ್ತೇನೆ.

ಅನುಮಾಪನಕ್ಕೆ ಈ ಕಿಟ್ಟನ್ನು ನಂಬಬಾರದು. ಇಪ್ಪತ್ತು ಹನಿ ಆಮ್ಲಕ್ಕೆ ಒಂದು ಹನಿ ಹೆಚ್ಚುಕಡಿಮೆಯಾದರೆ ಶೇಕಡ 5ರಷ್ಟು ತಪ್ಪು ಬರುತ್ತದೆ. ಬ್ಯೂರೆಟ್ಟಿನಲ್ಲಿ 20 ಮಿಲಿಲೀಟರಿಗೆ 0.1 ಮಿಲಿಲೀಟರ್ ತಪ್ಪಿದರೂ ಅದು ಶೇಕಡ 0.5. ಪ್ರೌಢಶಾಲೆಯಲ್ಲಿ ತಟಸ್ಥೀಕರಣದ ಪರಿಚಯಕ್ಕೆ ಈ ಕಿಟ್ಟು ಸಾಕು. ಪಿಯು ಪ್ರಾಯೋಗಿಕ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನ ಅನುಮಾಪನ ಮಾಡಬೇಕಾದ ವಿದ್ಯಾರ್ಥಿಗೆ ಬ್ಯೂರೆಟ್, ಪಿಪೆಟ್ಟುಗಳೇ ಬೇಕು. ನೀರಿನ ವಿದ್ಯುದ್ವಿಭಜನೆಯ ಭಾಗವೂ ದುರ್ಬಲವಾಗಿದೆ, ಅನಿಲ ಅಷ್ಟು ಕಡಿಮೆ ಸೇರುವುದರಿಂದ ಹೈಡ್ರೋಜನ್ ಮತ್ತು ಆಕ್ಸಿಜನ್‌ಗಳ ಎರಡಕ್ಕೆ ಒಂದರ ಪ್ರಮಾಣ ಕಣ್ಣಿಗೆ ಸ್ಪಷ್ಟವಾಗುವುದಿಲ್ಲ.

ಸಾಮಾನಿನ ಬಾಳಿಕೆ ಮಧ್ಯಮ. ತಟ್ಟೆಗಳು ಪಾಲಿಸ್ಟೈರೀನಿನವು, ಅಸಿಟೋನ್ ತಾಗಿದರೆ ಮಂಜಾಗಿ ಕರಗತೊಡಗುತ್ತವೆ, ಆದ್ದರಿಂದ ಮಾರ್ಕರಿನ ಗುರುತನ್ನು ಅಸಿಟೋನಿನಿಂದ ಒರೆಸುವ ಅಭ್ಯಾಸವಿರುವವರು ಎಚ್ಚರವಹಿಸಬೇಕು. ಡ್ರಾಪರುಗಳ ತುದಿ ಒಂದೇ ಅಳತೆಯವಲ್ಲ, ಹನಿಯ ಗಾತ್ರ ಬದಲಾಗುತ್ತದೆ. ಒಂದು ಪ್ರಯೋಗಕ್ಕೆ ಒಂದೇ ಡ್ರಾಪರ್ ಬಳಸಿ ತೊಳೆದುಕೊಳ್ಳುವುದು ಮೇಲು. ಬಿಡಿಭಾಗ ಕೇಳಿದಾಗ ನಮಗೆ ಕಿಟ್ ತರಿಸಿಕೊಟ್ಟ ವ್ಯಾಪಾರಿ ಇಡೀ ಪೆಟ್ಟಿಗೆಯನ್ನೇ ಮತ್ತೆ ಕೊಳ್ಳಬೇಕೆಂದರು. ಕೊಳ್ಳುವ ಮೊದಲೇ ತಟ್ಟೆ, ಮುಚ್ಚಳ, ನಳಿಕೆ ಬಿಡಿಯಾಗಿ ಸಿಗುತ್ತವೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಪ್ರಮಾಣ ಕಡಿಮೆ ಎಂಬ ಕಾರಣಕ್ಕೆ ಎಚ್ಚರವೂ ಕಡಿಮೆಯಾಗುವುದನ್ನು ನೋಡಿದ್ದೇನೆ, ಅದು ನನ್ನನ್ನು ನಿಜವಾಗಿ ಚಿಂತೆಗೀಡುಮಾಡುತ್ತದೆ. ಕಿಟ್ಟಿನಲ್ಲಿ ಕಣ್ಣಿನ ರಕ್ಷಣೆಯ ಕನ್ನಡಕ ಇಲ್ಲ. ಸಿರಿಂಜಿನಿಂದ ಆಮ್ಲವನ್ನು ಒತ್ತುವಾಗ ಮುಚ್ಚಳ ಸಡಿಲವಿದ್ದರೆ ಹನಿ ಸಿಡಿಯುತ್ತದೆ, ಕಣ್ಣಿಗೆ ಒಂದು ಹನಿಯೇ ಸಾಕು. ಸೀಸದ ಪ್ರಕ್ಷೇಪವನ್ನು ನಲ್ಲಿಯ ಕೆಳಗೆ ತೊಳೆದು ಬಿಡುವಂತಿಲ್ಲ. ತಟ್ಟೆಯನ್ನು ಮೊದಲು ಒಂದು ಮುಚ್ಚಳದ ಡಬ್ಬಿಯಲ್ಲಿ ಖಾಲಿ ಮಾಡಿ, ಆ ಡಬ್ಬಿಯ ಮೇಲೆ ‘ಸೀಸ’ ಎಂದು ದೊಡ್ಡದಾಗಿ ಬರೆದು ಬೇರೆಯಾಗಿ ಇಡಬೇಕು. ಪ್ರಶಿಕ್ಷಣಾರ್ಥಿಗಳು ತಾವು ಪಾಠ ಮಾಡುವ ಶಾಲೆಯಲ್ಲಿಯೂ ಹೀಗೆ ಮಾಡಿದರೇ ಎಂಬುದನ್ನು ನಾನು ಅವರ ಮೌಲ್ಯಮಾಪನದಲ್ಲಿ ಸೇರಿಸಿದ್ದೇನೆ.

ಈ ವೃತ್ತಿಯಲ್ಲಿರುವವರಿಗಾಗಿ ಒಂದು ಮಾತನ್ನು ಸೇರಿಸುತ್ತೇನೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ವಿಜ್ಞಾನವನ್ನೂ ಬೋಧನೆಯನ್ನೂ ಒಟ್ಟಿಗೆ ಕಲಿಸುವ ಸಂಯೋಜಿತ ಕೋರ್ಸುಗಳಿವೆ. ಆದರೆ ನಮ್ಮ ಭಾಗದ ಬಹುತೇಕರು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಆಮೇಲೆ ಬಿ.ಎಡ್., ಎಂ.ಎಡ್. ಮುಗಿಸಿ ಶಿಕ್ಷಣ ಮಹಾವಿದ್ಯಾಲಯಕ್ಕೆ ಬರುತ್ತೇವೆ. ಬಂದ ಮೇಲೆ ಪಾಠ ಯೋಜನೆಗೆ ಸಹಿ, ಸೂಕ್ಷ್ಮ ಬೋಧನೆ (ಕೆಲವೇ ನಿಮಿಷಗಳ ಅಭ್ಯಾಸ ಪಾಠ), ಇಂಟರ್ನ್‌ಶಿಪ್ ಭೇಟಿ ಇವುಗಳಲ್ಲಿಯೇ ದಿನ ಹೋಗಿ, ರಾಸಾಯನಿಕಗಳನ್ನು ಮುಟ್ಟುವುದೇ ತಪ್ಪಿಹೋಗುತ್ತದೆ. ವಿಷಯದ ಜ್ಞಾನ ಮತ್ತು ಬೋಧನೆಯ ಜ್ಞಾನ ಎರಡೂ ಬೆರೆತಾಗ ಹುಟ್ಟುವ ಮೂರನೆಯದೊಂದು ಜ್ಞಾನ ಶಿಕ್ಷಕನಿಗೆ ಬೇಕು ಎಂದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಬರೆದದ್ದನ್ನು ನಾವು ಪ್ರತಿವರ್ಷ ಪಾಠ ಮಾಡುತ್ತೇವೆ. ಆ ಬೆರಕೆ ನಡೆಯುವ ಜಾಗ ಶಿಕ್ಷಣ ಮಹಾವಿದ್ಯಾಲಯದಲ್ಲಿ ಎಲ್ಲಿದೆ ಎಂದು ಕೇಳಿದರೆ, ಮೇಜಿನ ಮೇಲೆ ಬಿಡಿಸಿಟ್ಟ ಈ ತಟ್ಟೆಯ ಸುತ್ತ ಎಂದು ನಾನು ಹೇಳಬಲ್ಲೆ. ಬರ್ನರ್, ಸಿಂಕು, ಪ್ರಯೋಗಾಲಯ ಸಹಾಯಕ ಯಾವುದೂ ಇಲ್ಲದ ಕೋಣೆಯಲ್ಲಿ ಬೋಧಕರೂ ಪ್ರಶಿಕ್ಷಣಾರ್ಥಿಗಳೂ ಒಟ್ಟಿಗೆ ಕುಳಿತು ಕೆಲಸ ಮಾಡಬಹುದು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ಬಳಿಕ ಬಿ.ಎಡ್. ಎರಡು ವರ್ಷದ್ದಾಗಿ ಇಂಟರ್ನ್‌ಶಿಪ್ ದೀರ್ಘವಾಗಿರುವುದರಿಂದ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ಶಾಲೆಗಳಿಗೆ ಹೋಗುವವರು ಪೆಟ್ಟಿಗೆಯನ್ನು ಬಸ್ಸಿನಲ್ಲಿ ಸೀಟಿನ ಕೆಳಗಿಟ್ಟು ಒಯ್ಯುತ್ತಾರೆ. ಪ್ರಯೋಗಾಲಯದ ಬೀಗದ ಕೈ ಯಾರ ಬಳಿ ಇದೆ ಎಂದು ಹುಡುಕುವ ಅಗತ್ಯ ಅವರಿಗೆ ಬರುವುದಿಲ್ಲ.

ಬಿ.ಎಡ್. ಕಾಲೇಜುಗಳಿಗೂ ಪ್ರೌಢಶಾಲೆಗಳಿಗೂ ಈ ಕಿಟ್ಟನ್ನು ನಾನು ಒತ್ತಾಯಪೂರ್ವಕವಾಗಿ ಶಿಫಾರಸು ಮಾಡುತ್ತೇನೆ, ಪಿಯು ಕಾಲೇಜುಗಳಿಗೆ ಮಾಡುವುದಿಲ್ಲ. ಇಬ್ಬರಿಗೆ ಒಂದು ತಟ್ಟೆ ಬರುವಷ್ಟು ಕೊಳ್ಳಬೇಕು. ನಾಲ್ವರಿಗೆ ಒಂದಾದರೆ ಇಬ್ಬರು ನೋಡುತ್ತ ಕೂರುತ್ತಾರೆ. ಜೊತೆಗೆ ಭಟ್ಟಿ ನೀರು, ರಕ್ಷಣಾ ಕನ್ನಡಕ, ಒಂದು ಸ್ಪಿರಿಟ್ ದೀಪ, ನೀಲಿ ಗಾಜಿನ ತುಂಡು ಮತ್ತು ಸೀಸದ ತ್ಯಾಜ್ಯಕ್ಕೆ ಮುಚ್ಚಳದ ಡಬ್ಬಿಯನ್ನು ಅದೇ ಬೇಡಿಕೆ ಪಟ್ಟಿಯಲ್ಲಿ ಬರೆದು ಕಳಿಸಿ.