ತಂದೆತಾಯಿಯರನ್ನು ಹೊರಗೆ ಕೂರಿಸದ ಚಿಕಿತ್ಸೆ: ಕುಟುಂಬ ಆಧಾರಿತ ಸೇವೆಯೊಂದರ ವಿಮರ್ಶೆ

ತೂಕ ಹೆಚ್ಚುವ ಭಯದಿಂದ ಊಟವನ್ನೇ ನಿರಾಕರಿಸುವ ಅನೊರೆಕ್ಸಿಯಾ ಎಂಬ ಮಾನಸಿಕ ಕಾಯಿಲೆಯಿಂದ ನಮ್ಮ ಮಗಳ ತೂಕ ಅಪಾಯಕರವಾಗಿ ಇಳಿದಿದ್ದಾಗ ನಾವು ಮೊದಲು ಹೋದ ಕಡೆ ಚಿಕಿತ್ಸಕರು ಅವಳೊಬ್ಬಳೊಡನೆ ಮಾತನಾಡುತ್ತಿದ್ದರು. ನಾವು ಹೊರಗೆ ಕಾಯುತ್ತಿದ್ದೆವು. ಒಳಗೆ ಏನಾಯಿತೆಂದು ನಮಗೆ ತಿಳಿಯುತ್ತಿರಲಿಲ್ಲ, ಮನೆಗೆ ಬಂದ ಮೇಲೆ ಊಟದ ಹೊತ್ತಿನಲ್ಲಿ ಏನು ಮಾಡಬೇಕೆಂದು ಯಾರೂ ಹೇಳುತ್ತಿರಲಿಲ್ಲ. ಅನಂತರ ಸೇರಿದ ಕುಟುಂಬ ಆಧಾರಿತ ಚಿಕಿತ್ಸೆಯ ಸೇವೆಯ ಬಗ್ಗೆ, ಇದೇ ಸಂಕಟದಲ್ಲಿರುವ ಪೋಷಕರಿಗಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಪೋಷಕರನ್ನು ದೂರವಿಡುವ ರೂಢಿ ಹಳೆಯದು. ಈ ಕಾಯಿಲೆಗೆ ಹೆಸರಿಟ್ಟ ವಿಲಿಯಂ ಗಲ್ ಎಂಬ ವೈದ್ಯರೇ ಹತ್ತೊಂಬತ್ತನೆಯ ಶತಮಾನದಲ್ಲಿ, ಇಂಥ ರೋಗಿಗಳ ಆರೈಕೆಗೆ ಬಂಧುಮಿತ್ರರು ಸಾಮಾನ್ಯವಾಗಿ ತೀರ ಅಯೋಗ್ಯರು ಎಂಬ ಅಭಿಪ್ರಾಯವನ್ನು ದಾಖಲಿಸಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದ್ದು 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ನಡೆದ ಕೆಲಸ. ಕಾಯಿಲೆ ಹದಿಹರೆಯದಲ್ಲಿ ಶುರುವಾಗಿ ಮೂರು ವರ್ಷ ದಾಟಿರದ ರೋಗಿಗಳಿಗೆ, ವೈಯಕ್ತಿಕ ಚಿಕಿತ್ಸೆಗಿಂತ ಕುಟುಂಬದೊಡನೆ ನಡೆಸಿದ ಚಿಕಿತ್ಸೆ ಹೆಚ್ಚು ಫಲ ಕೊಟ್ಟಿತೆಂದು ಜೆರಾಲ್ಡ್ ರಸೆಲ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದರು. ಜೇಮ್ಸ್ ಲಾಕ್ ಮತ್ತು ಡೇನಿಯಲ್ ಲ ಗ್ರಾಂಜ್ ಎಂಬ ಸಂಶೋಧಕರು ಮುಂದೆ ಇದನ್ನು ಚಿಕಿತ್ಸಕರು ಹಂತಹಂತವಾಗಿ ಅನುಸರಿಸಬಹುದಾದ ಕೈಪಿಡಿಯ ರೂಪಕ್ಕೆ ತಂದರು. ನಾವು ಪಡೆದದ್ದು ಈ ರೂಪದ ಚಿಕಿತ್ಸೆಯನ್ನು.

ಮೊದಲ ಭೇಟಿಯಲ್ಲಿ ಚಿಕಿತ್ಸಕಿ ಕಾಯಿಲೆಯ ಕಾರಣವನ್ನು ಹುಡುಕಲು ಹೋಗಲಿಲ್ಲ. ಇದು ನಿಮ್ಮಿಂದ ಬಂದದ್ದಲ್ಲ, ಮಗಳು ಬೇಕೆಂದು ಮಾಡುತ್ತಿರುವುದೂ ಅಲ್ಲ, ಆದರೆ ಇದನ್ನು ಹಿಮ್ಮೆಟ್ಟಿಸಲು ನಿಮ್ಮಷ್ಟು ಅನುಕೂಲದ ಸ್ಥಾನದಲ್ಲಿ ಇನ್ನಾರೂ ಇಲ್ಲ ಎಂದರು. ಅದೇ ಉಸಿರಿನಲ್ಲಿ, ಉಪವಾಸದಿಂದ ಹೃದಯಕ್ಕೂ ಮೂಳೆಗಳಿಗೂ ಆಗುವ ಹಾನಿಯನ್ನು ಒಂದಿಷ್ಟೂ ಮೆದುಗೊಳಿಸದೆ ವಿವರಿಸಿದರು. ಅಪರಾಧಿ ಭಾವವನ್ನು ಇಳಿಸಿ ಗಾಬರಿಯನ್ನು ಉಳಿಸುವ ಈ ಕ್ರಮ ಕಠಿಣವೆನಿಸಿತು, ಆದರೂ ತಂದೆತಾಯಿಯರಿಬ್ಬರೂ ಒಂದೇ ಮಾತಿಗೆ ಬರುವಂತೆ ಮಾಡಿದ್ದು ಅದೇ ಎಂದು ನಂಬಿದ್ದೇನೆ.

ಎರಡನೆಯ ಭೇಟಿಗೆ ಮನೆಯಿಂದ ಊಟ ತರಲು ಹೇಳಿದರು. ಸೊರಗಿದ ಮಗುವಿನ ದೇಹಕ್ಕೆ ಎಷ್ಟು ಬೇಕೆಂದು ಯೋಚಿಸಿ ತರುವ ನಿರ್ಧಾರ ನಮ್ಮದೇ ಆಗಿತ್ತು. ಚಿಕಿತ್ಸಕಿಯ ಎದುರಿಗೇ ನಾವೆಲ್ಲರೂ ಕುಳಿತು ಉಂಡೆವು. ಮಗಳು ತಟ್ಟೆಯನ್ನು ಸರಿಸಿದಾಗ ನಾನು ಎಂದಿನಂತೆ ಬೇಡಿಕೊಳ್ಳತೊಡಗಿದೆ, ಅವಳ ತಂದೆ ವಾದಕ್ಕಿಳಿದರು. ಚಿಕಿತ್ಸಕಿ ನಮ್ಮಿಬ್ಬರನ್ನೂ ತಡೆದು ಅವಳ ಅಕ್ಕಪಕ್ಕ ಕೂರಿಸಿದರು. ಪೋಷಣೆಯ ಲೆಕ್ಕಾಚಾರವನ್ನು ಬಿಟ್ಟು, ಇನ್ನೊಂದು ತುತ್ತು ತಿನ್ನಬೇಕೆಂಬ ಒಂದೇ ಮಾತನ್ನು ಇಬ್ಬರೂ ಒಂದೇ ಧ್ವನಿಯಲ್ಲಿ, ಕೋಪವಿಲ್ಲದೆ ಹೇಳುತ್ತಿರಿ ಎಂದರು. ತುಂಬ ಹೊತ್ತಿನ ಮೇಲೆ, ತಾನು ತಿನ್ನಲು ಒಪ್ಪಿದ್ದಕ್ಕಿಂತ ಸ್ವಲ್ಪ ಹೆಚ್ಚನ್ನೇ ಅವಳು ತಿಂದಳು. ಈ ಸೇವೆಗೆ ನಾವು ತೆತ್ತ ಹಣವೆಲ್ಲ ಈ ಒಂದು ಭೇಟಿಗೇ ಸಂದಿದ್ದರೂ ನನಗೆ ಬೇಸರವಿರುತ್ತಿರಲಿಲ್ಲ, ಏಕೆಂದರೆ ಮನೆಯಲ್ಲಿ ದಿನದಿನವೂ ಸೋಲುತ್ತಿದ್ದ ಆ ಹೊತ್ತನ್ನು ಬಲ್ಲವರೊಬ್ಬರು ಕಣ್ಣಾರೆ ಕಂಡು, ಅಲ್ಲೇ ತಿದ್ದಿದರು.

ಮಗಳನ್ನೂ ಕಾಯಿಲೆಯನ್ನೂ ಬೇರೆಬೇರೆಯಾಗಿ ಕಾಣುವುದನ್ನು ಅವರು ಪ್ರತಿ ಭೇಟಿಯಲ್ಲೂ ಅಭ್ಯಾಸ ಮಾಡಿಸಿದರು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಮಂದಿ ಆರೋಗ್ಯವಂತ ಯುವಕರ ಆಹಾರವನ್ನು ತಿಂಗಳುಗಟ್ಟಲೆ ಕಡಿತಗೊಳಿಸಿ ನಡೆಸಿದ ಪ್ರಯೋಗದಲ್ಲಿ, ಅವರು ಸದಾ ಊಟದ ಯೋಚನೆಯಲ್ಲೇ ಮುಳುಗಿ, ಸಿಡುಕಿ, ಜನರಿಂದ ದೂರವಾದರೆಂಬುದನ್ನು ವಿವರಿಸಿದಾಗ, ಮಗಳ ಸ್ವಭಾವವೇ ಕೆಟ್ಟಿತೆಂದು ನಾವು ಅಂದುಕೊಂಡಿದ್ದರಲ್ಲಿ ಬಹುಪಾಲು ಹಸಿವಿನದೇ ಪರಿಣಾಮವೆಂದು ಅರ್ಥವಾಯಿತು.

ಇನ್ನು ಕೊರತೆಗಳು. ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ಎಂಬುದನ್ನೆಲ್ಲ ಪೋಷಕರೇ ನಿರ್ಧರಿಸಿ, ದಿನದ ಪ್ರತಿಯೊಂದು ಊಟ ತಿಂಡಿಗೂ ಜೊತೆಗಿರಬೇಕಾಗುತ್ತದೆ. ಕೆಲಸಕ್ಕೆ ರಜೆ ಸಿಗದವರಿಗೆ, ಒಂಟಿಯಾಗಿ ಮಕ್ಕಳನ್ನು ಸಾಕುತ್ತಿರುವವರಿಗೆ ಇದು ಎಷ್ಟು ದೊಡ್ಡ ಹೊರೆಯೆಂಬುದನ್ನು ನಮ್ಮ ಕೇಂದ್ರ ಮೊದಲೇ ಹೇಳಬೇಕಿತ್ತು. ಎರಡು ಭೇಟಿಗಳ ನಡುವೆ ಕೈಕಾಲು ಸೋತಾಗ ಕರೆ ಮಾಡಿ ಕೇಳುವ ಏರ್ಪಾಡು ಇರಲಿಲ್ಲ. ಭೇಟಿಗಳಿಗೆ ಬಂದು ಕೂರುತ್ತಿದ್ದ ಕಿರಿಯ ಮಗನ ಭಯವನ್ನು ಬಿಡುವಾಗಿ ವಿಚಾರಿಸಿದವರೂ ಇಲ್ಲ. ಅದು ನನ್ನನ್ನು ಈಗಲೂ ನೋಯಿಸುತ್ತದೆ.

ಈ ಪದ್ಧತಿ ಎಲ್ಲರಿಗೂ ಫಲಿಸುವುದಿಲ್ಲ. 121 ಹದಿಹರೆಯದವರನ್ನು ಒಳಗೊಂಡು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆ ಮುಗಿದು ಒಂದು ವರ್ಷದ ಬಳಿಕ ಪೂರ್ಣ ಚೇತರಿಕೆಯ ಮಟ್ಟದಲ್ಲಿದ್ದವರು ಕುಟುಂಬ ಚಿಕಿತ್ಸೆಯ ಗುಂಪಿನಲ್ಲಿ ಶೇಕಡ 49, ವೈಯಕ್ತಿಕ ಚಿಕಿತ್ಸೆಯ ಗುಂಪಿನಲ್ಲಿ ಶೇಕಡ 23. ಅಂತರ ದೊಡ್ಡದು, ಆದರೆ ಮೊದಲ ಗುಂಪಿನಲ್ಲೂ ಅರ್ಧದಷ್ಟು ಮಂದಿ ಆ ಮಟ್ಟವನ್ನು ತಲುಪಿರಲಿಲ್ಲ. ಮನೆಯಲ್ಲಿ ಟೀಕೆಯ ಮಾತು ಹೆಚ್ಚಿದ್ದರೆ ಪೋಷಕರನ್ನೂ ಮಗುವನ್ನೂ ಪ್ರತ್ಯೇಕವಾಗಿ ಕಾಣುವ ರೂಪವೇ ಉತ್ತಮವೆಂಬುದಕ್ಕೆ ಆಧಾರಗಳಿವೆ. ಮನೆಯಲ್ಲಿ ಹಿಂಸೆ ಅಥವಾ ದೌರ್ಜನ್ಯ ಇದ್ದರೆ ಊಟದ ಅಧಿಕಾರವನ್ನು ಪೋಷಕರ ಕೈಗೆ ಕೊಡುವುದು ಸಲ್ಲದು.

ತೂಕ ಸುಧಾರಿಸಿದ ಮೇಲೆ ಆಯ್ಕೆಗಳನ್ನು ಸ್ವಲ್ಪಸ್ವಲ್ಪವಾಗಿ ಮಗಳಿಗೆ ಮರಳಿಸುವ ಎರಡನೆಯ ಹಂತವನ್ನು ಚಿಕಿತ್ಸಕಿ ಅವಸರವಿಲ್ಲದೆ ನಡೆಸಿದರು. ಗೆಳತಿಯರು, ಓದು, ಅವಳ ಸ್ವಾತಂತ್ರ್ಯ ಇವೆಲ್ಲ ಚರ್ಚೆಗೆ ಬಂದ ಕೊನೆಯ ಹಂತ ಚಿಕ್ಕದಾಗಿತ್ತು. ಮಗಳು ಈಗ ತನ್ನ ತಟ್ಟೆಗೆ ತಾನೇ ಬಡಿಸಿಕೊಳ್ಳುತ್ತಾಳೆ, ನಾವು ತಪಾಸಣೆಗೆ ಹೋಗುವುದನ್ನು ಬಿಟ್ಟಿಲ್ಲ.

ಕಾಯಿಲೆ ಶುರುವಾಗಿ ಹೆಚ್ಚು ಕಾಲವಾಗಿರದ ಮಕ್ಕಳ ಪೋಷಕರಿಗೆ ಈ ಸೇವೆಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಸೇರುವ ಮೊದಲು, ಪ್ರತಿ ಭೇಟಿಯಲ್ಲೂ ತೂಕ ನೋಡುತ್ತಾರೆಯೇ, ನಾಡಿಬಡಿತವನ್ನೂ ರಕ್ತದ ಲವಣಾಂಶಗಳನ್ನೂ ಗಮನಿಸುವ ವೈದ್ಯರು ಜೊತೆಗಿದ್ದಾರೆಯೇ, ಅಗತ್ಯಬಿದ್ದರೆ ಪೋಷಕರನ್ನು ಪ್ರತ್ಯೇಕವಾಗಿ ಕಾಣುತ್ತಾರೆಯೇ ಎಂದು ಕೇಳಿಕೊಳ್ಳಿ. ಮಗು ತಲೆಸುತ್ತಿ ಬೀಳುತ್ತಿದ್ದರೆ, ಎದೆಬಡಿತ ತೀರ ನಿಧಾನವಾಗಿದ್ದರೆ ಅಥವಾ ನೀರನ್ನೂ ನಿರಾಕರಿಸುತ್ತಿದ್ದರೆ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ದೀರ್ಘ ಉಪವಾಸದ ಬಳಿಕ ಆಹಾರವನ್ನು ಒಮ್ಮೆಲೇ ಹೆಚ್ಚಿಸುವುದೂ ಅಪಾಯಕರವಾದ್ದರಿಂದ, ಆ ಸ್ಥಿತಿಯಲ್ಲಿ ಊಟದ ಆರಂಭ ವೈದ್ಯರ ಕಣ್ಣೆದುರಿಗೇ ಆಗಬೇಕು.