ಟಿಬಿ ಕಲ್ಚರ್ ಗುರುತಿಸಲು: ಎಂಪಿಟಿ64 ಪಟ್ಟಿಯೋ, ಪಿಎನ್‌ಬಿಯೋ?

ಕಲ್ಚರ್ ಎಂದರೆ ರೋಗಿಯ ಮಾದರಿಯಿಂದ ಲ್ಯಾಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ. ಅದು ಟಿಬಿಯದೇ (ಕ್ಷಯದ್ದೇ) ಎಂದು ಗುರುತಿಸಲು ಎಂಪಿಟಿ64 ಎಂಬ ಪ್ರೋಟೀನನ್ನು ಹಿಡಿಯುವ ಪರೀಕ್ಷಾ ಪಟ್ಟಿ ಇದೆ, ಪಿಎನ್‌ಬಿ (ಪ್ಯಾರಾ-ನೈಟ್ರೋಬೆಂಜೋಯಿಕ್ ಆಮ್ಲ) ಎಂಬ ರಾಸಾಯನಿಕ ಬೆರೆಸಿ ಬೆಳೆಸಿ ನೋಡುವ ವಿಧಾನವೂ ಇದೆ. ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಈ ಎರಡನ್ನೂ ಒಂದೇ ಕಲ್ಚರ್ ಮೇಲೆ ಜೊತೆಜೊತೆಗೆ ಮಾಡಿ ನೋಡಿದ್ದೇನೆ. ಒಂದನ್ನೇ ಇಟ್ಟುಕೊಳ್ಳಿ ಎಂದರೆ ಪಟ್ಟಿಯನ್ನೇ ಇಟ್ಟುಕೊಳ್ಳುತ್ತೇನೆ. ಹಾಗಂತ ಪಿಎನ್‌ಬಿಯನ್ನು ಕೈಬಿಡಿ ಎಂದು ಯಾರಿಗೂ ಹೇಳಲಾರೆ.

ಮಾದರಿಯನ್ನು ದ್ರವದ ಟ್ಯೂಬಿನಲ್ಲಿ ಬೆಳೆಸಿ ಗಮನಿಸುವ ಎಂಜಿಐಟಿ ಯಂತ್ರ ಪಾಸಿಟಿವ್ ಎಂದರೆ ಟ್ಯೂಬಿನಲ್ಲಿ ಏನೋ ಬೆಳೆದಿದೆ ಎಂದಷ್ಟೇ ಅರ್ಥ. ಅದು ಕ್ಷಯದ ಬ್ಯಾಕ್ಟೀರಿಯಾ ಇರಬಹುದು, ಅದರ ದಾಯಾದಿಗಳಾದ ಎನ್‌ಟಿಎಂ (ಕ್ಷಯ ತರದ ಮೈಕೋಬ್ಯಾಕ್ಟೀರಿಯಾ) ಇರಬಹುದು. ಚಿತ್ರದುರ್ಗ ಕಡೆಯ ಕ್ವಾರಿಗಳಲ್ಲಿ ಕಲ್ಲಿನ ಧೂಳು ಕುಡಿದ ಶ್ವಾಸಕೋಶಕ್ಕೆ ಎರಡೂ ತಗಲುವ ಅಪಾಯ ಹೆಚ್ಚು. ಎಷ್ಟೋ ಎನ್‌ಟಿಎಂಗಳು ಟಿಬಿ ಔಷಧಿಗೆ ಬಗ್ಗುವುದೇ ಇಲ್ಲ. ಗುರುತು ತಪ್ಪಿದರೆ ಅದನ್ನೇ ಔಷಧ ನಿರೋಧಕ ಟಿಬಿ ಎಂದುಕೊಂಡು ರೋಗಿಗೆ ತಿಂಗಳುಗಟ್ಟಲೆ ಕಠಿಣ ಮಾತ್ರೆ ನುಂಗಿಸುತ್ತಾರೆ.

ಪಿಎನ್‌ಬಿ ವಿಧಾನ ಸರಳ. ಮೊಟ್ಟೆಯಿಂದ ಮಾಡುವ ಎಲ್‌ಜೆ ಮಾಧ್ಯಮಕ್ಕೆ ಮಿಲಿಲೀಟರಿಗೆ 500 ಮೈಕ್ರೋಗ್ರಾಂ ಪಿಎನ್‌ಬಿ ಬೆರೆಸಿದರೆ ಟಿಬಿ ಬ್ಯಾಕ್ಟೀರಿಯಾ ಬೆಳೆಯದು, ಎನ್‌ಟಿಎಂಗಳಲ್ಲಿ ಹೆಚ್ಚಿನವು ಬೆಳೆಯುತ್ತವೆ. ಖರ್ಚು ಕಡಿಮೆ, ಲ್ಯಾಬಿನಲ್ಲೇ ತಯಾರಿಸಬಹುದು. ಆದರೆ ಬೆಳೆದಿಲ್ಲ ಎಂದು ಖಚಿತವಾಗಿ ಬರೆಯಲು 28 ದಿನ ಕಾಯಬೇಕು. ಪಕ್ಕದಲ್ಲಿ ಪಿಎನ್‌ಬಿ ಇಲ್ಲದ ಬಾಟಲಿ ಇರಲೇಬೇಕು. ಅದರಲ್ಲೂ ಬೆಳೆಯದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ.

ಪಟ್ಟಿಗೆ ಸಾಕಾಗುವುದು 15 ನಿಮಿಷ. ಟ್ಯೂಬಿನ ದ್ರವ 100 ಮೈಕ್ರೋಲೀಟರ್ ಹಾಕಿದರೆ, ಟಿಬಿ ಗುಂಪಿನ ಬ್ಯಾಕ್ಟೀರಿಯಾ ಹೊರಬಿಡುವ ಎಂಪಿಟಿ64 ಪ್ರೋಟೀನು ಗೆರೆಯಾಗಿ ಕಾಣುತ್ತದೆ. ಈ ಗೆರೆಯೂ ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಗೆರೆಯೂ ಸೇರಿ ಎರಡು ಗೆರೆ ಸ್ಪಷ್ಟವಾಗಿ ಮೂಡಿದಾಗ ಆಗುವ ನೆಮ್ಮದಿ ದೊಡ್ಡದು: ಅದೇ ದಿನ ವೈದ್ಯರಿಗೆ ತಿಳಿಸಬಹುದು. ನನಗೆ ನಂಬಿಕೆ ಸಾಲದಿರುವುದು ನೆಗೆಟಿವ್ ಬಂದಾಗ. ಆ ಪ್ರೋಟೀನಿನ ಜೀನ್ ಕೆಟ್ಟಿರುವ ಟಿಬಿ ತಳಿಗಳಿವೆ, ಎಳೆಯ ಕಲ್ಚರಿನಲ್ಲಿ ಪ್ರೋಟೀನು ಸಾಲದೆಯೂ ಇರಬಹುದು, ಟಿಬಿ ಗುಂಪಿಗೇ ಸೇರಿದ, ಲಸಿಕೆಗೆ ಬಳಸುವ ಬಿಸಿಜಿಯ ಕೆಲವು ತಳಿಗಳು ಇದನ್ನು ಉತ್ಪಾದಿಸುವುದೇ ಇಲ್ಲ.

ಹಾಗಾಗಿ ಸ್ಲೈಡ್ ನೋಡದೆ ಪಟ್ಟಿ ಹಾಕುವುದಿಲ್ಲ. ಝೀಲ್-ನೀಲ್ಸನ್ ಸ್ಟೈನಿನಲ್ಲಿ (ಈ ಜಾತಿಯ ಬ್ಯಾಕ್ಟೀರಿಯಾವನ್ನು ಕೆಂಪಾಗಿ ತೋರಿಸುವ ಬಣ್ಣ) ಕೆಂಪು ಕಡ್ಡಿಗಳು ಟಿಬಿಯಲ್ಲಿ ಸಾಮಾನ್ಯವಾಗಿ ಕಾಣುವಂತೆ ಜಡೆ ಹೆಣೆದಂತೆ ಕಂಡೂ ಪಟ್ಟಿ ನೆಗೆಟಿವ್ ಬಂದರೆ, ಒಂದೆರಡು ದಿನ ಬಿಟ್ಟು ಮತ್ತೆ ಹಾಕುತ್ತೇನೆ. ಆಗಲೂ ನೆಗೆಟಿವ್ ಆದರೆ ಲೈನ್ ಪ್ರೋಬ್ ಪರೀಕ್ಷೆಗೆ ಕಳಿಸುತ್ತೇನೆ. ಅದು ಡಿಎನ್‌ಎ ನೋಡಿ ಗುರುತಿನ ಜೊತೆಗೆ ರಿಫಾಂಪಿಸಿನ್, ಐಸೋನಿಯಾಜಿಡ್ ಎಂಬ ಟಿಬಿ ಔಷಧಿಗಳಿಗೆ ನಿರೋಧಕತೆಯನ್ನೂ ತಿಳಿಸುತ್ತದೆ, ಆದರೆ ಪ್ರತ್ಯೇಕ ಕೋಣೆಗಳೂ ಪಳಗಿದ ಕೈಯೂ ಬೇಕು. ಜಡೆಯೂ ಇಲ್ಲ, ಗೆರೆಯೂ ಇಲ್ಲ ಎನ್ನುವ ಕಲ್ಚರ್ ಮಾತ್ರ ಪಿಎನ್‌ಬಿಗೆ ಹೋಗುತ್ತದೆ.