ಟ್ಯಾಕ್ಟಿಕಲ್ ಟಾರ್ಚ್: ಬೆಳಕು ಬಂಗಾರ, ಸ್ವಿಚ್ಚೇ ತಲೆನೋವು

ಲ್ಯೂಮೆನ್ (ಟಾರ್ಚ್ ಕೊಡೋ ಒಟ್ಟು ಬೆಳಕಿನ ಅಳತೆ) ಎಷ್ಟು, ಬಾಡಿ ಯಾವುದು ಅನ್ನೋದೆಲ್ಲ ನೀವು ನೋಡೇ ಇರ್ತೀರಿ, ಅದನ್ನ ಬಿಟ್ಟು ನೇರ ಸ್ವಿಚ್ಚಿಗೆ ಬರ್ತೀನಿ. ಟಾರ್ಚ್ ತಗೊಂಡು ಒಂದಷ್ಟು ಮಳೆಗಾಲ ಕಳೀತು, ನನಗೆ ಇನ್ನೂ ಸಿಟ್ಟು ಇಳಿದಿಲ್ಲ ಅಂದ್ರೆ ಅದೊಂದರ ಮೇಲೆ.

ಬಟನ್ ಹಿಂದುಗಡೆ ಇದೆ. ಅರ್ಧ ಒತ್ತಿದ್ರೆ ಉರಿಯುತ್ತೆ, ಬಿಟ್ರೆ ಆರುತ್ತೆ, ಪೂರ್ತಿ ಒತ್ತಿ ಟಕ್ ಅನ್ನಿಸಿದ್ರೆ ಹಾಗೇ ನಿಲ್ಲುತ್ತೆ. ನಾನು ಇದನ್ನ ತಗೊಂಡಿದ್ದೇ ಈ ಅರ್ಧ ಒತ್ತೋ ಸೌಕರ್ಯಕ್ಕೆ. ನಮ್ಮದು ಅಡಿಕೆ ತೋಟ, ಬೇಸಿಗೇಲಿ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿ ಪಾಳೀಲೇ ಬರೋದು, ನಾನು ತೋಟದ ತುದೀಲಿ ನಿಂತಿರ್ತೀನಿ, ತಮ್ಮ ಪಂಪ್‌ಹೌಸ್ ಹತ್ರ ಇರ್ತಾನೆ, ಮೊಬೈಲ್ ಸಿಗ್ನಲ್ ಅಲ್ಲಿ ಸಿಗಲ್ಲ. ಎರಡು ಸಲ ಮಿಣಕ್ ಅಂದ್ರೆ ನೀರು ಬಂತು, ಮೂರು ಸಲ ಅಂದ್ರೆ ಮೋಟ್ರು ಆಫ್ ಮಾಡು. ಆದ್ರೆ ಈ ಕಂಪನಿಯವರು ಮೋಡ್ ಬದಲಾಯಿಸೋದಕ್ಕೂ ಅದೇ ಅರ್ಧ ಒತ್ತನ್ನೇ ಇಟ್ಟಿದ್ದಾರೆ ಮಾರಾಯ್ರೇ! ಬೇಗ ಬೇಗ ಒತ್ತಿದ್ರೆ ಲೋ, ಮೀಡಿಯಂ, ಹೈ, ಅದಾದ್ಮೇಲೆ ಸ್ಟ್ರೋಬ್, ಅಂದ್ರೆ ಬೆಳಕು ಒಂದೇ ಸಮನೆ ಪಟಪಟ ಮಿನುಗೋದು. ಎರಡು ಮಿಣುಕು ಕೊಡೋಕೆ ಹೋದ್ರೆ ಸ್ಟ್ರೋಬ್ ಬಡೀತದೆ, ಆ ಕಡೆ ತಮ್ಮ ಏನೋ ಅನಾಹುತ ಆಯ್ತು ಅಂತ ಓಡಿ ಬರ್ತಾನೆ.

ಸ್ಟ್ರೋಬ್ ಇರೋದು ಎದುರಿಗಿರೋನ ಕಣ್ಣು ಕುಕ್ಕಿಸಿ ಗಲಿಬಿಲಿ ಮಾಡೋಕೆ, ಪೊಲೀಸ್ರಿಗೆ, ಸೆಕ್ಯುರಿಟಿಯವ್ರಿಗೆ ಅದು ಬೇಕು ಸರಿ. ಆದ್ರೆ ಹೈನಿಂದ ಲೋಗೆ ಇಳಿಯೋ ದಾರೀಲಿ ಅದನ್ನ ಯಾಕೆ ಕೂರಿಸಬೇಕು? ಜೋರು ಮಳೇಲಿ ಹಳ್ಳದ ಸಂಕ ದಾಟೋವಾಗ ಬೆಳಕು ಸ್ವಲ್ಪ ಕಮ್ಮಿ ಮಾಡೋಣ ಅಂತ ಒತ್ತಿದ್ರೆ ಪ್ರತಿ ಹನಿಯೂ ಪಟಪಟ ಅಂತ ಕಣ್ಣಿಗೇ ವಾಪಸ್ ಹೊಡೀತದೆ, ಕಾಲಿಡೋ ಜಾಗ ಕಾಣಲ್ಲ. ಇದು ಕಿರಿಕಿರಿ ಮಾತ್ರ ಅಲ್ಲ, ಬೀಳೋ ವಿಷಯ. ಒಳ್ಳೆ ಮಾಡೆಲ್‌ಗಳಲ್ಲಿ ಮೋಡಿಗೆ ಪಕ್ಕದಲ್ಲಿ ಬೇರೆ ಬಟನ್ ಇರುತ್ತೆ, ಸ್ಟ್ರೋಬ್ ಬೇಕಂದ್ರೆ ಅದನ್ನ ಒತ್ತಿ ಹಿಡೀಬೇಕು. ನೀವು ತಗೊಳೋದಾದ್ರೆ ದುಡ್ಡು ಕಟ್ಟೋ ಮುಂಚೆ ಮ್ಯಾನ್ಯುಯಲ್ಲಿನ ಪಿಡಿಎಫ್ ಹುಡುಕಿ ಸ್ವಿಚ್ಚಿನ ಪುಟ ಒಂದನ್ನ ಮಾತ್ರ ಓದಿ, ಉಳಿದಿದ್ದು ಆಮೇಲೆ.

ಬಾಕ್ಸ್ ಮೇಲಿನ ದೂರದ ಲೆಕ್ಕಾನೂ ತಿಳ್ಕೊಂಡಿರಿ. 200 ಮೀಟರ್ ಅಂತ ಬರೆದಿದ್ರೆ ಅಷ್ಟು ದೂರದಲ್ಲಿ ಬೀಳೋ ಬೆಳಕು 0.25 ಲಕ್ಸ್, ಅಂದ್ರೆ ಹುಣ್ಣಿಮೆ ಬೆಳಕಿನಷ್ಟು. ಹಂದಿಯೋ ದನವೋ ಅಂತ ಗುರುತು ಹಿಡಿಯೋಕೆ ನಾನು ಅದರ ಅರ್ಧ ಅಂತಲೇ ಹಿಡಿಯೋದು. ಅಷ್ಟು ಗಂಟೆ ಉರಿಯುತ್ತೆ ಅನ್ನೋದೂ ಬೆಳಕು ಹತ್ತನೇ ಒಂದು ಪಾಲಿಗೆ ಇಳಿಯೋವರೆಗಿನ ಲೆಕ್ಕ. ಟರ್ಬೋ ಅನ್ನೋ ಅತಿ ಜೋರು ಬೆಳಕಿನ ಮೋಡು ಬಿಸಿಯಾಗಿ ಕೆಲವೇ ನಿಮಿಷಕ್ಕೆ ತಾನೇ ಇಳಿಯುತ್ತೆ, ಅದನ್ನ ನೋಡಿ ಜಾಸ್ತಿ ದುಡ್ಡು ಹಾಕ್ಬೇಡಿ.

ಇಷ್ಟೆಲ್ಲ ಬೈದ್ರೂ ಇದನ್ನ ಯಾರಿಗೂ ಕೊಟ್ಟಿಲ್ಲ ನಾನು. ಕಾರಣ ಬೆಳಕಿನ ಬಣ್ಣ. ಹಳೇ ಟಾರ್ಚಿದು 6500 ಕೆಲ್ವಿನ್, ನೀಲಿ ಮಿಶ್ರಿತ ಬಿಳಿ, ಅದರಲ್ಲಿ ತೋಟದ ದರಗು, ಒಣಗಿದ ಹಾಳೆ, ಮಣ್ಣು ಎಲ್ಲ ಒಂದೇ ಬೂದಿ ಬಣ್ಣ. ಇದು 5000 ಕೆಲ್ವಿನ್, ಸಿಆರ್‌ಐ 90ರ ಮೇಲೆ, ಅಂದ್ರೆ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋದಕ್ಕೆ ನೂರಕ್ಕೆ ತೊಂಬತ್ತರ ಮೇಲೆ ಅಂಕ. ಕಂದು ಕಂದಾಗೇ ಕಾಣುತ್ತೆ, ಕೆಂಪು ಕೆಂಪಾಗೇ. ಸೋಗೆ ಪಕ್ಕ ಸುತ್ತಿಕೊಂಡು ಮಲಗಿದ್ದ ಕೊಳಕುಮಂಡಲದ ಮೈಮೇಲಿನ ಸರಪಳಿ ಮಚ್ಚೆ ಮಾರುದೂರದಿಂದಲೇ ನನಗೆ ಕಂಡಿದ್ದು ಈ ಬೆಳಕಲ್ಲಿ, ಅದೂ ಮೀಡಿಯಂನಲ್ಲಿ. ಸಿಆರ್‌ಐ ಜಾಸ್ತಿ ಇರೋ ಎಲ್‌ಇಡಿಗೆ ಲ್ಯೂಮೆನ್ ಸ್ವಲ್ಪ ಕಮ್ಮಿ ಬರುತ್ತೆ, ಬರಲಿ, ರಾತ್ರಿ ತೋಟಕ್ಕೆ ಕಾಲಿಡೋರು ಯಾರೇ ಆದ್ರೂ ಇಂಥ ಬೆಳಕಿಂದೇ ತಗೊಳ್ಳಿ ಅಂತೀನಿ. ಕಾಲ್ಬೆರಳ ಸಂದೀಲಿ ಸೇರಿದ ಇಂಬಳಾನೂ ಜಗಲೀಲಿ ಕೂತು ಇದರಲ್ಲೇ ಹುಡುಕೋದು, ಅದಕ್ಕೆ ಲೋ ಮೋಡ್ ಸಾಕು.

ಊಟ ಆದ್ಮೇಲೆ ಇದರದ್ದೊಂದು ಸೇವೆ ಇದೆ, ಅದು ನನಗೆ ಇಷ್ಟದ ಕೆಲಸ. ಹಿಂದಿನ ಕ್ಯಾಪ್ ಬಿಚ್ಚಿ ಸೆಲ್ ತೆಗೆದು ಚಾರ್ಜರಿಗೆ ಹಾಕೋದು, ತುಂಬಿಟ್ಟ ಇನ್ನೊಂದನ್ನ ಒಳಗೆ ಬಿಡೋದು, ಥ್ರೆಡ್ಡಿನ ಮಣ್ಣನ್ನ ಹಳೇ ಪಂಚೆ ತುಂಡಲ್ಲಿ ಒರೆಸಿ ನೀರು ತಡೆಯೋ ರಬ್ಬರ್ ಬಳೆ ಓ-ರಿಂಗಿಗೆ ಬೆರಳ ತುದಿಯಷ್ಟು ಸಿಲಿಕೋನ್ ಗ್ರೀಸ್ ಸವರೋದು. ವ್ಯಾಸಲೀನ್ ಹಚ್ಬೇಡಿ, ಕೆಲವು ರಬ್ಬರ್ ಉಬ್ಬಿ ಹಾಳಾಗುತ್ತೆ. ಆಮೇಲೆ ಕ್ಯಾಪ್ ಕಾಲು ಸುತ್ತು ಸಡಿಲ ಬಿಡ್ತೀನಿ, ಇದರಲ್ಲಿ ಹಾಗೆ ಬಿಟ್ರೆ ಚೀಲದಲ್ಲಿ ತಾನೇ ಉರಿಯಲ್ಲ. ಇಷ್ಟು ಮಳೇಲಿ ನೆನೆದ್ರೂ ಒಳಗೆ ಒಂದು ಹನಿ ನೀರು ಹೋಗಿಲ್ಲ.

ಮೂರು ಸಾವಿರದ ಆಸುಪಾಸು ನನ್ನ ಕೈಗೆ ಎಟಕೋ ದುಡ್ಡು, ಅದಕ್ಕಿಂತ ಮೇಲಿಂದು ನಾನು ಬಳಸಿಲ್ಲ. ಇದೇ ಎಲ್‌ಇಡಿ, ಪಕ್ಕದಲ್ಲಿ ಬೇರೆ ಬಟನ್ ಇರೋದು ಐನೂರು ಜಾಸ್ತಿಗೆ ಸಿಕ್ರೂ ಕಣ್ಮುಚ್ಚಿ ತಗೊಳ್ಳಿ. ಸೆಲ್ ಮಾತ್ರ ಹೆಸರಿರೋ ಕಂಪನೀದೇ ಇರ್ಲಿ, 18650 ಸೈಜಿನ ಸೆಲ್‌ನಲ್ಲಿ ನಿಜವಾಗಿ ಹಿಡಿಸೋದು ಹೆಚ್ಚೂಕಮ್ಮಿ 3500 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ), 9900 ಅಂತ ಬರೆದಿದ್ದು ಕಂಡ್ರೆ ಅಂಗಡೀಲೇ ಬಿಟ್ಟು ಬನ್ನಿ.